ತೋಡಿನಾಚೆಯ ಅರವತ್ತೇಳನೇ ಮನೆ

ಇಂಥ ಕಥೆ ಹೇಳುವವರನ್ನು ಸ್ಟಾಫ್ ರೂಮಿನಲ್ಲಿ ಕೂತು ಗೇಲಿ ಮಾಡುತ್ತಿದ್ದವರಲ್ಲಿ ನಾನೇ ಮೊದಲಿಗ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

2001ರ ಜನಗಣತಿಯ ಸಮಯ. ಮೂಡುಬಿದಿರೆಯವನಾದ ನಾನು ಆಗ ಕಕ್ಕಿಂಜೆಯ ಹತ್ತಿರದ ಶಾಲೆಯೊಂದರಲ್ಲಿ ಮೇಷ್ಟ್ರು. ಚಾರ್ಮಾಡಿ ಘಾಟಿಯ ಬುಡದ ಒಂದು ಸಣ್ಣ ಗಡಿ ಊರು ನನ್ನ ಪಾಲಿಗೆ ಬಂತು. ಒಂದು ಕಡೆ ಕಾಡು, ಇನ್ನೊಂದು ಕಡೆ ತೋಡು ಎಂದು ಕರೆಯುವ ಸಣ್ಣ ಹಳ್ಳ. ತೋಡು ದಾಟಿದರೆ ಬೇರೆ ಗ್ರಾಮ ಎಂದು ಕಾಗದ ಹೇಳುತ್ತಿತ್ತು. ಹಿಂದೊಂದು ಮಳೆಗಾಲದಲ್ಲಿ ತೋಡೇ ದಾರಿ ಬದಲಿಸಿದ್ದು, ಆಚೆಯ ಗುಡ್ಡವೂ ನಮ್ಮದೇ ಎಂದು ಊರಿನ ಹಿರಿಯರ ವಾದ. ಅರವತ್ತಾರು ಮನೆ ಹತ್ತಿ ಇಳಿದು ನನ್ನ ಕಾಲು ಸೋತಿತ್ತು. ಉಳಿದದ್ದು ಆ ಗುಡ್ಡದ ಒಂದೇ ಮನೆ.

"ಬ್ಯಾರಿಗಳ ಮನೆ ಮಾಷ್ಟ್ರೇ, ಹೊಸಬರು. ಹೆಸರು ನನಗೂ ಗೊತ್ತಿಲ್ಲ. ಈ ಬಿಸಿಲಿಗೆ ಹತ್ತುವುದುಂಟಾ ಮಾರಾಯ್ರೆ?" ಎಂದರು ಚಹಾದಂಗಡಿಯ ಪೂಜಾರಿಯವರು.

ಆಗ ನಾನು ಮಾಡಿದ್ದು ನಾಚಿಕೆಗೇಡಿನ ಕೆಲಸ. ಅಂಗಡಿಯ ಬೆಂಚಿನಲ್ಲೇ ಕೂತು ಅರವತ್ತೇಳನೇ ಮನೆಯನ್ನು ಬ್ಯಾರಿ ಮುಸ್ಲಿಮರ ಹೆಸರುಗಳನ್ನು ಹಾಕಿ ತಲೆಯಿಂದಲೇ ತುಂಬಿಸಿದೆ. ನಫೀಸಾ, ಮೂವತ್ತೆರಡು ವರ್ಷ. ಮಕ್ಕಳು ಸಫಿಯಾ, ರುಕಿಯಾ. ಗಂಡನೊಬ್ಬನನ್ನು ಕಲ್ಪಿಸಿಕೊಳ್ಳಲೂ ಸೋಮಾರಿತನವಾಗಿ, ವೈವಾಹಿಕ ಸ್ಥಿತಿಯ ಕಾಲಮಿನಲ್ಲಿ 'ವಿಧವೆ' ಎಂದು ಗೀಚಿದೆ.

ಆಮೇಲೆ ಎರಡು ದಿನ ನೆಮ್ಮದಿ ಇಲ್ಲ. ಸಿಕ್ಕಿಬಿದ್ದರೆ ಕೆಲಸಕ್ಕೇ ಸಂಚಕಾರ. ಮೂರನೇ ದಿನ ಬೆಳಿಗ್ಗೆ, ಸರಿ ಮಾಡಿ ಬರೋಣವೆಂದು ಗುಡ್ಡ ಹತ್ತಿದೆ.

ಗಣತಿ ಮುಗಿದ ಪ್ರತಿ ಮನೆಗೂ ನಾನು ಬರೆಯುವಂತೆ, ಬಾಗಿಲ ಪಕ್ಕದ ಗೋಡೆಯಲ್ಲಿ ಕಾವಿಯಿಂದ 67 ಎಂದು ಬರೆದಿತ್ತು. ಏಳರ ನಡುವೆ ಅಡ್ಡಗೆರೆ ಎಳೆಯುವುದು ನನ್ನ ಅಭ್ಯಾಸ. ಅದೂ ಅಲ್ಲಿತ್ತು.

"ಮತ್ತೆ ಬಂದಿರಾ ಮಾಷ್ಟ್ರೇ? ಮೊನ್ನೆ ಅರ್ಧ ಲೋಟ ನೀರು ಕುಡಿದು ಎದ್ದು ಹೋದಿರಿ" ಎಂದು ಹೆಂಗಸೊಬ್ಬರು ನಗುತ್ತಾ ಹೊರಬಂದರು. ಹೆಸರು, ವಯಸ್ಸು ಕೇಳಿದೆ.

"ಮರೆತೇ ಬಿಟ್ಟಿರಾ? ನಫೀಸಾ, ಮೂವತ್ತೆರಡು ವರ್ಷ." ಒಳಗೆ ತಿರುಗಿ ಮಕ್ಕಳನ್ನು ಕರೆದರು. ಸಫಿಯಾ, ರುಕಿಯಾ ಇಬ್ಬರೂ ಬಂದು ನಿಂತರು.

ಮಕ್ಕಳು ಅಂಗಳಕ್ಕೆ ಓಡಿದ ಮೇಲೆ ಅವರು ದನಿ ತಗ್ಗಿಸಿದರು. "ನಮ್ಮವರು ಸೌದಿಯ ಜುಬೈಲಿಗೆ ಕೆಲಸಕ್ಕೆ ಹೋಗಿ ಮೂರು ವರ್ಷ ಆಯ್ತು. ಎಂಟು ತಿಂಗಳಿಂದ ಫೋನಿಲ್ಲ, ಕಾಗದ ಇಲ್ಲ. ಊರವರು ಏನೇನೋ ಹೇಳ್ತಾರೆ. ನನಗೆ ಗಂಡ ಇದ್ದಾರೆ ಅಂತ ಬರೆಯಿರಿ ಅಂತ ಮೊನ್ನೆ ಹೇಳಿದ್ದೆನಲ್ಲ, ಬರೆದಿದ್ದೀರಿ ಅಲ್ವಾ?"

"ಬರೆದಿದ್ದೇನೆ" ಎಂದೆ. ತೋಡಿನ ಹತ್ತಿರ ಬಂದು ಕಲ್ಲಿನ ಮೇಲೆ ಕೂತು 'ವಿಧವೆ' ಎಂಬುದನ್ನು ಹೊಡೆದು 'ವಿವಾಹಿತೆ' ಎಂದು ಬರೆದೆ.

ಬಿಸಿಲಿಗೆ ತಲೆ ತಿರುಗಿ ನೀನೇ ಹೋಗಿ ಬಂದು ಮರೆತಿರಬೇಕು ಎಂದು ಸಹೋದ್ಯೋಗಿಗಳು ನಕ್ಕರು. ಆದರೆ ಆ ಮಧ್ಯಾಹ್ನ ನಾನು ಬೆಂಚು ಬಿಟ್ಟು ಏಳಲೇ ಇಲ್ಲ ಎಂದು ಪೂಜಾರಿಯವರು ಆಣೆ ಹಾಕುತ್ತಾರೆ. ನನ್ನ ರೂಪದಲ್ಲಿ ಅಲ್ಲಿಗೆ ಹೋದದ್ದು ಯಾರು, ನನಗೆ ತಿಳಿಯದು.

ನಿಜ ಹೇಳಬೇಕೆಂದರೆ ನನ್ನನ್ನು ಕಾಡುವುದು ಅದಲ್ಲ. ಆ ದಿನ ಬಾಯಿಗೆ ಬಂದಂತೆ ಬರೆದ ಹೆಸರು, ವಯಸ್ಸು, ಮಕ್ಕಳು ಎಲ್ಲವೂ ನಿಜವಾಯಿತು. ಹಾಗಾದರೆ ನಾನು ಹೊಡೆದುಹಾಕಿದ ಆ ಒಂದು ಪದ?

ಮರುವರ್ಷ ಬಂಟ್ವಾಳಕ್ಕೆ ವರ್ಗವಾಯಿತು. ಆಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಆ ದಾರಿಯಾಗಿ ಹೋಗಿದ್ದೇನೆ. ಕಕ್ಕಿಂಜೆಯಲ್ಲಿ ಇಳಿದು ವಿಚಾರಿಸುವುದು ಐದು ನಿಮಿಷದ ಕೆಲಸ. ಇವತ್ತಿನವರೆಗೂ ಇಳಿದಿಲ್ಲ.