ಮಲ್ಲೇಶಪ್ಪ ಕಾಕಾನ ಹೆಸರಿನಲ್ಲಿ ನಾನು ಬರೆದ ಸಾಲು

ಆ ಸಾಲನ್ನು ಮಲ್ಲೇಶಪ್ಪ ಕಾಕಾ ಹೇಳಿರಲಿಲ್ಲ. ನಾನೇ ಬರೆದೆ. ಬರೆದು, ‘ಹೇಳಿದವರು’ ಎಂಬಲ್ಲಿ ಅವರ ಹೆಸರು ಹಾಕಿದೆ. ಬರೆದದ್ದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ — ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬಗ್ಗೆ ಕನಿಕರಪಡುವುದು ಬೇಡ. ಆದರೆ ಆ ಹೆಸರು...

ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಕೆಲಸ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಬರೆಯುವುದು. ಗಿರಾಕಿಗೆ ಏನು ಬೇಕು, ಯಾಕೆ ಬೇಕು, ಹಾಗೆಂದು ಹೇಳಿದವರು ಯಾರು — ಇಷ್ಟನ್ನು ಕೇಳಿ, ಬರೆದು, ಸಹಿ ಮಾಡಿಸಬೇಕು. ಸಹಿಯಾದ ಮೇಲೆ ಅದರಲ್ಲಿ ಇದ್ದದ್ದೇ ತಯಾರಾಗುತ್ತದೆ, ಇಲ್ಲದ್ದು ಆಗುವುದಿಲ್ಲ.

ನವಲಗುಂದದ ಆಚೆ ನನ್ನ ತವರೂರಿನ ರೈತರ ಸಂಘ ನಮ್ಮ ಕಂಪನಿಗೆ ಬಂದದ್ದು ಕಟಾವು ಮಷಿನ್ನಿನ ಪಾಳಿ ಹಚ್ಚುವ ಕೆಲಸಕ್ಕೆ. ಇಡೀ ಊರಿಗೆ ಒಂದೇ ಮಷಿನ್. ಕಡಲೆ ಒಣಗಿ ನಿಂತಾಗ ಎಲ್ಲರಿಗೂ ಒಮ್ಮೆಲೇ ಬೇಕು. ರೈತರು ಫೋನಿನಲ್ಲೇ ಪಾಳಿ ಹಚ್ಚುವಂತಾಗಬೇಕು ಎಂದರು. ಊರ ಮಗಳೆಂದು ನನ್ನನ್ನೇ ಕಳಿಸಿದರು. ಸಂಘದ ಕಾರ್ಯದರ್ಶಿ ಮಲ್ಲೇಶಪ್ಪ ಕಾಕಾ, ನನ್ನ ಅಪ್ಪನ ಗೆಳೆಯ. ಸಭೆಗಳಲ್ಲಿ ಎಲ್ಲರಿಗೂ ಚಹಾ ತರಿಸಿ, ತಾವು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಸುಮ್ಮನೆ ಕೂಡುತ್ತಿದ್ದರು. ಮಾತೆಲ್ಲ ಅಧ್ಯಕ್ಷ ಶಿವನಗೌಡರದು.

ಗೌಡರು ಎಲ್ಲ ಬರೆಸಿದ ಮೇಲೆ ಕೊನೆಗೆ ದನಿ ಇಳಿಸಿ ಅಂದರು: “ಪಾಳಿ ಹಿಂದ-ಮುಂದ ಮಾಡೂದು ನಮ್ಮ ಕೈಯಾಗ ಇರಬೇಕವಾ. ಅದನ್ನ ಕಾಗದದಾಗ ಬರೀಬ್ಯಾಡ. ಸುಮ್ಮ ಒಂದು ಬಟನ್ ಇಟ್ಟಬಿಡು.”

ಅವತ್ತು ಮಧ್ಯಾಹ್ನ ಹೊಲಗಳ ಕಡೆ ಹೋದೆ. ಶಂಕ್ರವ್ವ ಸಿಕ್ಕಳು; ಗಂಡನಿಲ್ಲದ ಹೆಂಗಸು, ಹಳ್ಳದ ದಂಡೆಗೆ ಸಣ್ಣ ಹೊಲ. ಹಿಂದಿನ ಸುಗ್ಗಿಯಲ್ಲಿ ಪಾಳಿ ಅವಳದೇ ಇತ್ತಂತೆ. ಡ್ರೈವರನಿಗೆಂದು ರೊಟ್ಟಿ, ಝುಣಕಾ ಕಟ್ಟಿಕೊಂಡು ಬದುವಿನ ಮೇಲೆ ಕೂತಿದ್ದಳಂತೆ. ಮಷಿನ್ ಅವಳ ಹೊಲ ದಾಟಿ ಗೌಡರ ಹೊಲಕ್ಕೆ ಹೋಯಿತು, ನಾಳೆ ಬರುತ್ತೇನೆ ಎಂದು ಡ್ರೈವರ್ ಕೈಮಾಡಿದ. ಮರುದಿನ ಮಳೆ. ಕಡಲೆ ಗಿಡದಲ್ಲೇ ಕಪ್ಪಾಯಿತು. ಇದನ್ನೆಲ್ಲ ಅವಳು ದೂರಿನಂತೆ ಹೇಳಲಿಲ್ಲ, ಎಲ್ಲರಿಗೂ ಗೊತ್ತಿರುವ ಸುದ್ದಿಯಂತೆ ಹೇಳಿದಳು. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಹುಬ್ಬಳ್ಳಿಗೆ ಬಂದು ಬರೆದೆ: ‘ಒಮ್ಮೆ ಹಚ್ಚಿದ ಪಾಳಿಯನ್ನು ಅಧ್ಯಕ್ಷರೂ ಸೇರಿ ಯಾರೂ ಬದಲಿಸುವಂತಿರಬಾರದು.’ ಹೇಳಿದವರ ಹೆಸರಿಲ್ಲದೆ ಯಾವ ಸಾಲೂ ನಿಲ್ಲುವುದಿಲ್ಲ. ಶಂಕ್ರವ್ವನ ಹೆಸರು ಹಾಕಿದರೆ ಗೌಡರು ನಗುತ್ತಿದ್ದರು. ಗಿರಾಕಿಯಲ್ಲದ ನನ್ನ ಹೆಸರು ಹಾಕುವಂತಿಲ್ಲ. ಮಲ್ಲೇಶಪ್ಪ ಕಾಕಾ — ಅವರು ಯಾರಿಗೂ ಎದುರು ಮಾತಾಡುವವರಲ್ಲ, ನನಗಂತೂ ಅಲ್ಲವೇ ಅಲ್ಲ. ಅವರ ಒಳ್ಳೆಯತನವನ್ನೇ ನಂಬಿಕೊಂಡು ಅವರಿಗೆ ಮೋಸ ಮಾಡಿದೆ. ಇದಕ್ಕೆ ಬೇರೆ ಹೆಸರಿಲ್ಲ.

ಗೌಡರು ಓದದೆ ಸಹಿ ಹಾಕಿದರು.

ಮುಂದಿನ ಸುಗ್ಗಿಯಲ್ಲಿ ಮೋಡ ಕಟ್ಟಿತು. ಗೌಡರ ಪಾಳಿ ಬಹಳ ಹಿಂದಿತ್ತು. ಬಟನ್ ಹುಡುಕಿದರು, ಇರಲಿಲ್ಲ. ಕಂಪನಿಗೆ ಫೋನ್ ಹೋಯಿತು. ನಮ್ಮ ಮ್ಯಾನೇಜರ್ ನನ್ನನ್ನು ಕರೆದುಕೊಂಡು ಊರಿಗೆ ಬಂದು, ಎಲ್ಲರೆದುರು ಆ ಸಾಲು ತೆಗೆದು ತೋರಿಸಿದ. ಪಕ್ಕದಲ್ಲಿ ಹೆಸರು, ಕೆಳಗೆ ಗೌಡರ ಸಹಿ.

“ಇದನ್ನ ನೀ ಹೇಳೀಯೇನು, ಮಲ್ಲೇಶಿ?” ಅಂದರು ಗೌಡರು.

ಕಾಕಾ ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪ್ ನೋಡುತ್ತ ಕೂತೆ.

“ಹೇಳಿರಬೇಕ್ರಿ,” ಅಂದರು ಕಾಕಾ.

ಅವತ್ತೇ ಅವರನ್ನು ಕಾರ್ಯದರ್ಶಿ ಸ್ಥಾನದಿಂದ ತೆಗೆದರು. ಸಾಲನ್ನೂ ತೆಗೆಯಲು ನೋಡಿದರು, ಆದರೆ ಅಷ್ಟರಲ್ಲಿ ಸಣ್ಣ ಹೊಲದವರಿಗೆ ಸುದ್ದಿ ಮುಟ್ಟಿತ್ತು. ಶಂಕ್ರವ್ವ ಮತ್ತು ಆಕೆಯಂಥವರೆಲ್ಲ ಬಂದು ಸಂಘದ ಬಾಗಿಲಲ್ಲಿ ಕೂತರು, ಎಬ್ಬಿಸಿದರೂ ಏಳಲಿಲ್ಲ. ಸಾಲು ಉಳಿಯಿತು. ಮಳೆಗೆ ಮುಂಚೆ ಶಂಕ್ರವ್ವನ ಕಡಲೆ ಮನೆ ಸೇರಿತು. ಗೌಡರದು ನೆನೆಯಿತು — ನೆನೆಯಲಿ. ಆ ಬಗ್ಗೆ ನನ್ನ ಹತ್ತಿರ ಒಂದು ಹನಿ ಮರುಕವೂ ಇಲ್ಲ.

ಆದರೆ ಕಾಕಾ ಆಮೇಲೆ ಸಂಘದ ಕಟ್ಟೆ ಹತ್ತಲಿಲ್ಲ. ಬಸ್ಸಿಗೆ ಹೋಗಬೇಕಾದರೂ ಶಾಲೆಯ ಹಿಂದಿನ ದಾರಿ ಹಿಡಿಯುತ್ತಾರೆಂದು ಅವ್ವ ಹೇಳಿದಳು. ಸಂಘದ ಹೊರಗಿನವಳು ಬರೆದದ್ದೆಂದು ತಿಳಿದರೆ ಆ ಸಾಲು ಬಿದ್ದುಹೋಗುತ್ತಿತ್ತು, ಅದಕ್ಕೇ ಸುಮ್ಮನಿದ್ದೆ — ವರ್ಷಗಟ್ಟಲೆ ನನಗೆ ನಾನೇ ಹೀಗೆ ಹೇಳಿಕೊಂಡೆ. ಸುಳ್ಳು. ನೌಕರಿ ಹೋಗುತ್ತದೆಂದು ಹೆದರಿದ್ದೆ, ಅಷ್ಟೇ.

ಹೋದ ತಿಂಗಳು ಅವರ ಮನೆಗೆ ಹೋದೆ. ಕಾಕಾ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂತು ಹತ್ತಿಕಾಳು ಆರಿಸುತ್ತಿದ್ದರು. ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

“ನನಗ ಗೊತ್ತೈತವಾ,” ಅಂದರು. “ಗೌಡ್ರು ಓದಲಿಲ್ಲ, ನಾ ಓದಿದ್ದೆ. ಓದೇ ಅವರ ಮುಂದ ಸಹಿಗೆ ಇಟ್ಟೆ. ಛಲೋ ಬರದೀ ಅನಿಸಿತ್ತು.” ಜೊಳ್ಳು ಕಾಳೊಂದನ್ನು ಪಕ್ಕಕ್ಕೆ ಹಾಕಿದರು. “ಅವತ್ತ ಎಲ್ಲಾರ ಮುಂದ ನೀ ಒಂದು ಮಾತು ಅಂತಿ ಅಂತ ದಾರಿ ನೋಡಿದೆ.”

ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಅವರು ಕೊಟ್ಟುಬಿಡುತ್ತಿದ್ದರು. ಮತ್ತೊಮ್ಮೆ ಅವರಿಂದ ಪುಕ್ಕಟೆ ಪಡೆದ ಹಾಗಾಗುತ್ತಿತ್ತು. ಸಂಘದ ಮಹಾಸಭೆ ಹತ್ತಿರ ಬಂದಿದೆ. ಅಪ್ಪನಿಂದ ನನ್ನ ಪಾಲಿಗೆ ಬಂದ ಹೊಲದಿಂದಾಗಿ ಈಗ ನಾನೂ ಸದಸ್ಯೆ, ನನ್ನನ್ನು ಹೊರಗೆ ಕಳಿಸಲು ಬರುವುದಿಲ್ಲ. ಗೌಡರ ಎದುರೇ ಎದ್ದು ನಿಂತು, ಬರೆದವಳು ನಾನು, ಮಲ್ಲೇಶಪ್ಪ ಕಾಕಾನ ಮೇಲೆ ಹಾಕಿ ಬಾಯಿ ಮುಚ್ಚಿಕೊಂಡವಳೂ ನಾನೇ ಎಂದು ಹೇಳುತ್ತೇನೆ. ಕಂಪನಿಗೂ ತಿಳಿಯಲಿ. ಪಾಳಿ ಬದಲಿಸಬೇಕೆನ್ನುವವರು ಇನ್ನು ಮೇಲೆ ನನ್ನ ಜೊತೆ ಜಗಳಾಡಲಿ.