ಕೇಳದೆ ಬಿಟ್ಟ ಒಂದು ರೀಲು

ಬೆಳಗಿನ ಐದು ಗಂಟೆ. ಹಳೆಯ ದಾಖಲೆ ಕಟ್ಟಡದ ನೆಲಮಾಳಿಗೆಗೆ ಹದಿನಾಲ್ಕು ಮೆಟ್ಟಿಲು. ದೀಪ ಹಾಕದೆಯೇ ಅವರು ಇಳಿಯುತ್ತಾರೆ. ಕೋಣೆಯ ಬಾಗಿಲು ತೆರೆದು ಮೊದಲು ಮಾಡುವ ಕೆಲಸವೆಂದರೆ ಗೋಡೆ ಗಡಿಯಾರವನ್ನು ಇಳಿಸಿ ಹೊರಗಿನ ಬೆಂಚಿನ ಮೇಲಿಡುವುದು. ಅದರ ಟಿಕ್ ಟಿಕ್ ಕೂಡ ಇವರಿಗೆ ಗಲಾಟೆ. ಆಮೇಲೆ ಮೂಲೆಯ ಪುಟ್ಟ ಓವನ್ನಿನಿಂದ ಹದವಾಗಿ ಬೆಚ್ಚಗಾದ ಧ್ವನಿಟೇಪಿನ ರೀಲನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಾರೆ, ಹಸುಗೂಸನ್ನು ಎತ್ತಿದಂತೆ. ಹಳೆಯ ಟೇಪು ತೇವ ಹೀರಿ ಅಂಟಂಟಾಗಿರುತ್ತದೆ. ಬಿಸಿ ತೋರಿಸದೆ ಓಡಿಸಿದರೆ ಧ್ವನಿಯೇ ಸಿಪ್ಪೆಯ ಹಾಗೆ ಕಿತ್ತು ಬರುತ್ತದೆ.

ಕಟ್ಟಡದಲ್ಲಿ ಎಲ್ಲರೂ ಅವರನ್ನು ಕರೆಯುವುದು ರೀಲಮ್ಮ ಎಂದು. ಬೂಸ್ಟು ಒರೆಸುವುದು, ತುಂಡಾದದ್ದನ್ನು ಅಂಟಿಸುವುದು, ಹೆಡ್‌ಫೋನ್ ಹಾಕಿಕೊಂಡು ಪ್ರತಿ ರೀಲನ್ನೂ ಕೊನೆತನಕ ಕೇಳುತ್ತಾ ಕಂಪ್ಯೂಟರಿಗೆ ಇಳಿಸುವುದು ಅವರ ಕೆಲಸ. ದಿನಕ್ಕೆ ಮೂರು ರೀಲು. ಹತ್ತೊಂಬತ್ತು ವರ್ಷಕ್ಕೆ ಹದಿಮೂರು ಸಾವಿರ ದಾಟಿದೆ. ಇಷ್ಟು ವರ್ಷದಲ್ಲಿ ಓಡುವ ರೀಲನ್ನು ಬಿಟ್ಟು ಒಂದು ಸಲವೂ ಎದ್ದು ಹೋಗಿಲ್ಲ. ಟೇಪು ಯಾವ ಗಳಿಗೆಯಲ್ಲಾದರೂ ತುಂಡಾಗಬಹುದು, ಹಾಗಾಗಿ ಪಕ್ಕದಲ್ಲಿ ಒಬ್ಬರು ಕೂತಿರಲೇಬೇಕೆಂಬುದು ಅಲ್ಲಿನ ನಿಯಮ.

ಇವತ್ತು ಮಾತ್ರ ಹೆಡ್‌ಫೋನ್ ಮೊಳೆಯಲ್ಲೇ ನೇತಾಡುತ್ತಿದೆ.

ಹಿಂದೆ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಅದು ಮುಚ್ಚಿದಾಗ ಡಬ್ಬಿಗಳಿಗೆ ಚೀಟಿ ಅಂಟಿಸುವ ದಿನಗೂಲಿಗೆಂದು ಇಲ್ಲಿಗೆ ಬಂದರು. ಆ ಡಬ್ಬಿಗಳಲ್ಲಿದ್ದದ್ದು ಭಾಷೆಗಳ ಬೆನ್ನು ಹತ್ತಿ ಗುಡ್ಡಗಾಡು ಅಲೆದ ವಿದ್ವಾಂಸರು ಐವತ್ತು ಅರವತ್ತು ವರ್ಷಗಳ ಹಿಂದೆ ಹಿಡಿದು ತಂದ ಧ್ವನಿಗಳು. ಓಡಿಸುವವರು ಯಾರೂ ಇರಲಿಲ್ಲ, ಇವರು ಕಲಿತರು. "ಎಕ್ಸ್‌ಚೇಂಜಲ್ಲಿ ಬದುಕಿರೋರ ಮಾತು ಕದ್ದು ಕೇಳೋ ಹಾಗಿರ್ಲಿಲ್ಲ. ಇಲ್ಲಿ ಸತ್ತವರ ಮಾತು ಕೇಳೋಕೆ ಸಂಬಳ ಕೊಡ್ತಾರೆ," ಎಂದು ನಗುತ್ತಾರೆ. ಅವರನ್ನು ದಿನವೂ ಸ್ಕೂಟರಿನಲ್ಲಿ ಕರೆತಂದು ಬಿಡುವ ಯಜಮಾನರದ್ದು ಬೇರೆಯೇ ದೂರು: "ಮನೇಲಿ ನಾನು ಹತ್ತು ಸಲ ಕೂಗಿದ್ರೂ ಕಿವಿಗೇ ಹಾಕ್ಕೊಳಲ್ಲ. ಅಲ್ಲಿ ಮಾತ್ರ ಸೊಳ್ಳೆ ಹಾರಿದ್ರೂ ಕೇಳ್ಸತ್ತೆ."

ನಾಲ್ಕು ವರ್ಷದ ಹಿಂದೆ ಒಂಬತ್ತು ರೀಲುಗಳ ಒಂದು ಡಬ್ಬಿ ಬಂತು. ದೂರದ ಗುಡ್ಡದ ಮೇಲಿನ ಹಟ್ಟಿಗಳಲ್ಲಿ ಧ್ವನಿಮುದ್ರಿಸಿದ್ದು. ಮುದ್ರಿಸಿದ ವಿದ್ವಾಂಸರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಡಬ್ಬಿಯ ಮೇಲೆ ಎಲ್ಲರಿಗೂ ಗೊತ್ತಿರುವ ಒಂದು ಭಾಷೆಯ ಹೆಸರಿತ್ತು. ರೀಲಿನಲ್ಲಿದ್ದದ್ದೂ ಅದೇ: ನೀರಿಗೆ ಏನಂತೀರಿ, ಬೆಂಕಿಗೆ ಏನಂತೀರಿ. ನಾಲ್ಕನೆಯ ರೀಲಿನಲ್ಲಿ ವಿದ್ವಾಂಸರು ಬರುತ್ತೇನೆಂದು ಹೇಳಿ ಎದ್ದರು. ಯಂತ್ರ ಆರಿಸುವುದನ್ನು ಮರೆತರು. ಹೆಜ್ಜೆ ಸದ್ದು ಅಂಗಳ ದಾಟಿ ಕರಗಿತು. ಆಮೇಲೆ ಆರು ನಿಮಿಷ ಏನೂ ಇಲ್ಲ.

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕತ್ತರಿಸುತ್ತಿದ್ದರು. "ಆ ಕಡೆಯವರು ಫೋನ್ ಇಡೋ ತನಕ ನಾನು ತಂತಿ ಕೀಳ್ತಿರ್ಲಿಲ್ಲ. ಅದೇ ಅಭ್ಯಾಸ," ಎನ್ನುತ್ತಾರೆ ರೀಲಮ್ಮ. ಏಳನೆಯ ನಿಮಿಷಕ್ಕೆ ಒಬ್ಬ ಹೆಂಗಸಿನ ದನಿ ಮೆಲ್ಲಗೆ ಏನನ್ನೋ ಕೇಳಿತು. ನಿಂತಿತು. ಮತ್ತೊಂದು ಕೇಳಿತು. ಮತ್ತೆ ನಿಂತಿತು. ಉತ್ತರ ಕೊಡುವವರಿಗೆಂದು ಜಾಗ ಬಿಟ್ಟ ಹಾಗೆ. ಉತ್ತರ ಮಾತ್ರ ಒಂದೂ ಇಲ್ಲ. ಕೊನೆಯ ಪ್ರಶ್ನೆಯನ್ನು ದನಿ ಮೂರು ಸಲ ಕೇಳಿತು, ಅಷ್ಟರಲ್ಲಿ ಟೇಪು ಮುಗಿಯಿತು. ಅದು ಡಬ್ಬಿಯ ಮೇಲೆ ಬರೆದಿದ್ದ ಭಾಷೆ ಆಗಿರಲಿಲ್ಲ. ಹದಿನೈದು ವರ್ಷ ಇವರ ಕಿವಿಗೆ ಬಿದ್ದ ಯಾವ ಭಾಷೆಯೂ ಆಗಿರಲಿಲ್ಲ. "ಮೈ ಜುಮ್ಮಂತು. ಹಿಂದೆ ತಿರುಗಿ ನೋಡ್ದೆ, ಯಾರಾದ್ರೂ ನಿಂತಿದ್ದಾರಾ ಅಂತ."

ಮೇಲಧಿಕಾರಿಗೆ ಹೇಳಿದರೆ, ರೀಲಮ್ಮ ರೀಲು ಬಿಡ್ತಿದ್ದಾರೆ ಎಂದು ಇಡೀ ಕಚೇರಿ ನಕ್ಕಿತು. ಇವರು ಪಟ್ಟು ಬಿಡಲಿಲ್ಲ. ಬಂದು ಹೋಗುವ ವಿದ್ವಾಂಸರನ್ನೆಲ್ಲ ಹಿಡಿದು ಕೂರಿಸಿ ಎರಡು ವರ್ಷ ಆ ತುಣುಕನ್ನು ಕೇಳಿಸಿದರು. ಕೊನೆಗೊಬ್ಬ ಸಂಶೋಧಕಿ ಕಿವಿಗೊಟ್ಟರು, ಗುಡ್ಡ ಹತ್ತಿದರು, ಬರಿಗೈಯಲ್ಲಿ ಇಳಿದರು. ಅಂಥ ಮಾತೇ ನಮ್ಮಲ್ಲಿಲ್ಲ ಎಂದು ಹಟ್ಟಿಯವರು ಖಡಾಖಂಡಿತವಾಗಿ ಹೇಳಿದ್ದರು. ಧ್ವನಿ ಹಿಡಿಯುವ ಯಂತ್ರವನ್ನು ಅಲ್ಲೇ ಬಚ್ಚಿಟ್ಟು ಬರಲೇ ಎಂದು ಸಂಶೋಧಕಿ ಕೇಳಿದಾಗ ರೀಲಮ್ಮ ರೇಗಿದರು. "ಅದು ಕಳ್ಳತನ ಆಗತ್ತೆ ಕಣಮ್ಮ. ಇದರ ಪ್ರತಿ ತಗೊಂಡು ಹೋಗಿ. ಇದು ನಿಮ್ಮದು, ನಮ್ಮ ಹತ್ರ ಇದೆ ಅಂತ ಹೇಳಿ ಕೇಳ್ಸಿ."

ಕೇಳಿಸಿದಾಗ ಹಟ್ಟಿಯ ಒಬ್ಬ ಅಜ್ಜಿ ಕುಸಿದು ಕೂತರು. ಆ ದನಿ ಅವರ ತಾಯಿಯದು.

ಮುಂದಿನ ತಿಂಗಳು ಅಜ್ಜಿ ಎರಡು ಬಸ್ಸು ಬದಲಿಸಿ ಬಂದು ಈ ನೆಲಮಾಳಿಗೆಯಲ್ಲಿ, ರೀಲಮ್ಮನ ಪಕ್ಕದ ಸ್ಟೂಲಿನಲ್ಲಿ ಕೂತರು. ತಾಯಿಯ ದನಿ ಮೊದಲ ಪ್ರಶ್ನೆ ಕೇಳಿ ನಿಂತಿತು. ಅಜ್ಜಿ ಉತ್ತರ ಕೊಟ್ಟರು. ಮುಂದಿನದಕ್ಕೂ ಕೊಟ್ಟರು. ಪ್ರತಿ ಉತ್ತರವೂ ಆ ಖಾಲಿ ಜಾಗದಲ್ಲಿ ಅಳತೆ ಮಾಡಿ ಹೊಲಿದಂತೆ ಕೂತಿತು.

ಆ ಮಾತಿಗೆ ಅವರಲ್ಲಿ ಹೆಸರಿಲ್ಲ. ಮನೆಗೆ ಹೇಳುವ ಮಾತು, ಅಷ್ಟೇ. ಹೊರಗಿನವರು ಬಂದು ಹೋದ ಮೇಲೆ ಮನೆಯ ಹಿರಿಯ ಹೆಂಗಸು ಒಳಗೆ ಕೂತು, ಆ ಮನೆಯಲ್ಲಿ ಬಾಳಿ ತೀರಿಹೋದವರನ್ನು ಕೇಳುತ್ತಾಳೆ: ಬಂದವರು ಯಾರು, ಏನು ತಂದರು, ಏನು ಒಯ್ದರು, ಹೊರಟು ಹೋದರಾ? ಹೋದರು ಎಂದು ಉತ್ತರ ಬಂದ ಮೇಲೆ ಬಾಗಿಲಿಗೆ ಅಗುಳಿ ಹಾಕುತ್ತಾಳೆ. ಹೊರಗಿನವರ ಎದುರು ಆ ಮಾತಿನ ಒಂದು ಪದವನ್ನೂ ಆಡುವಂತಿಲ್ಲ. ಅಜ್ಜಿ ಅದನ್ನು ಮೀರಿದ್ದು ಅಂದೇ ಮೊದಲು, ತಾಯಿಯ ದನಿಗಾಗಿ. ಇಂದು ಅದು ಬರುವುದು ಮೂವರಿಗೆ.

"ಉತ್ತರ ನಿಮಗೆ ಹೇಗೆ ಗೊತ್ತು?" ಎಂದು ರೀಲಮ್ಮ ಕೇಳಿದ್ದರು.

"ನಂಗಾಗ ಒಂಬತ್ತು ವರ್ಷ. ಅಮ್ಮನ ಪಕ್ಕದಲ್ಲೇ ಕೂತಿದ್ದೆ. ನಂಗೂ ಕೇಳಿಸ್ತಲ್ಲ."

"ಟೇಪಲ್ಲಿ ಏನೂ ಇಲ್ವಲ್ಲ ಅಮ್ಮ?"

"ನಿಮ್ಮ ಪೆಟ್ಟಿಗೆಗೆ ಕೇಳಿಸಿಲ್ಲ, ಅದಕ್ಕೆ ನಾನೇನು ಮಾಡ್ಲಿ?"

ಕೊನೆಯ ಪ್ರಶ್ನೆಗೆ, ಹೊರಟು ಹೋದರಾ ಎಂಬುದಕ್ಕೆ, ಅಂದು ಮೂರು ಸಲವೂ ಬಂದ ಉತ್ತರ ಒಂದೇ. ಇಲ್ಲ. ಒಬ್ಬರು ಇನ್ನೂ ಕೂತು ಕೇಳುತ್ತಿದ್ದಾರೆ.

ಮರುದಿನ ವಿದ್ವಾಂಸರು ಬಂದು ಯಂತ್ರ ಒಯ್ದರು. ಮುಗಿಯದ ಮಾತೂ ಅದರೊಳಗೇ ಹೋಯಿತು. ಅರ್ಧಕ್ಕೆ ನಿಂತದ್ದನ್ನು ಶುರು ಮಾಡಿದವರೇ ಮುಗಿಸಬೇಕಂತೆ. ತಾಯಿ ಆ ದಿನದಿಂದ ಅಗುಳಿ ಹಾಕಲಿಲ್ಲ, ಹಾಕದೆಯೇ ತೀರಿಕೊಂಡರು. ಮಗಳು ಐವತ್ತೆಂಟು ವರ್ಷದಿಂದ ತೆರೆದ ಬಾಗಿಲಿನ ಮನೆಯಲ್ಲಿ ಕಣ್ಣಿಗೆ ಕಣ್ಣು ಹಚ್ಚದೆ ಮಲಗುತ್ತಿದ್ದಾರೆ. ಅಂದು ಹೊರಡುವಾಗ ಅಜ್ಜಿ ರೀಲಮ್ಮನ ಕೈ ಹಿಡಿದುಕೊಂಡರು. "ಕಲಿಯೋರು ಬರ್ಲಿ, ಕಲಿಸ್ತೀನಿ. ಆದ್ರೆ ಕೂತು ಕೇಳ್ತಿರೋದು ನೀನೇ ಕಣಮ್ಮ. ಒಂದೇ ಒಂದು ಸಲ ಎದ್ದು ಹೋಗು. ಅಮ್ಮ ಬಾಗಿಲು ಹಾಕ್ಕೊಳ್ಲಿ."

ಆ ಮಾತು ರೀಲಮ್ಮನ ಎದೆಗೆ ನಾಟಿತು. ಆ ಟೇಪು ಮುದ್ರಣವಾದ ವರ್ಷವೇ ಇವರು ಹುಟ್ಟಿದ್ದು. ಪ್ರತಿಯನ್ನು ಖಾಲಿ ಕೋಣೆಯಲ್ಲಿ ಓಡಿಸಬಹುದಲ್ಲ ಎಂದರೆ ಅಜ್ಜಿ ಒಪ್ಪಲಿಲ್ಲ, ಪ್ರತಿ ಬರಿಯ ನೆರಳು, ನೆರಳಿಗೆ ಬಾಗಿಲು ಹಾಕಲು ಬರುವುದಿಲ್ಲ ಎಂದರು. ಅಸಲು ರೀಲು ತಾಳುವುದು ಇನ್ನೊಂದೇ ಸುತ್ತು. ಯಾರೂ ಕೂರದೆ ಓಡಿಸಿ ಅದು ತುಂಡಾದರೆ ಕೆಲಸ ಹೋಗುತ್ತದೆ ಎಂದು ಮೇಲಧಿಕಾರಿ ಎಚ್ಚರಿಸಿದರು. ಈ ನಡುವೆ ಸಂಶೋಧಕಿಯ ಲೇಖನ ಅಚ್ಚಾಯಿತು, ಜಗತ್ತಿನ ಭಾಷೆಗಳ ಪಟ್ಟಿಗೆ ಒಂದು ಸೇರಿತು, ಚಪ್ಪಾಳೆ ಬಿತ್ತು. ರೀಲಮ್ಮನ ಪಾಲಿಗೆ ಬಂದದ್ದು ಕೊನೆಯ ಪುಟದ ಎರಡು ಪದ: ಸಿಬ್ಬಂದಿಯ ನೆರವು. ಅದರ ಬಗ್ಗೆ ಕೇಳಿದರೆ ಕೈ ಬೀಸಿಬಿಡುತ್ತಾರೆ. "ಹೆಸರು ಹಾಕಿದ್ರೆ ಅಜ್ಜಿಗೆ ನಿದ್ದೆ ಬರ್ತಿತ್ತಾ?"

ಅದಕ್ಕೇ ಇವತ್ತು ಈ ರೀಲು. ಟೇಪನ್ನು ಚಕ್ರಕ್ಕೆ ಸುತ್ತಿ, ಸ್ಪೀಕರಿನ ತಂತಿ ಸಿಕ್ಕಿಸಿ, ಬೆರಳನ್ನು ಗುಂಡಿಯ ಮೇಲಿಡುತ್ತಾರೆ. ಒತ್ತುತ್ತಾರೆ. ಚಕ್ರ ತಿರುಗುತ್ತದೆ. ರೀಲಮ್ಮ ಏಳುತ್ತಾರೆ, ಹಿಂದೆ ನೋಡದೆ ಹೊರಬಂದು ಬಾಗಿಲು ಎಳೆದುಕೊಳ್ಳುತ್ತಾರೆ.

ಯಜಮಾನರು ಇವತ್ತು ಹಿಂದಿರುಗದೆ ಮೆಟ್ಟಿಲ ಮೇಲೆ ಕಾಯುತ್ತಿದ್ದಾರೆ. ಇಬ್ಬರೂ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೆ ಹೋಗಿ ಕೂರುತ್ತಾರೆ. ರೀಲಮ್ಮ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಸೆರಗನ್ನೂ ಬಿಗಿದಿದ್ದಾರೆ. ಯಜಮಾನರಿಗೂ ಹತ್ತಿ ಕೊಟ್ಟಿದ್ದಾರೆ. ರೀಲು ಓಡುವುದು ನಲವತ್ತಾರು ನಿಮಿಷ. ಟೇಪು ತುಂಡಾಗಿದ್ದರೆ ಎಂಬ ಒಂದೇ ಚಿಂತೆಯಲ್ಲಿ ಬೆರಳುಗಳು ಬೆಂಚಿನಿಂದ ತಂದ ಗಡಿಯಾರವನ್ನು ಉಜ್ಜುತ್ತಿವೆ.

ನಲವತ್ತಾರನೆಯ ನಿಮಿಷಕ್ಕೆ ಕೆಳಗಿನಿಂದ ಒಂದು ಸದ್ದು ಬರುತ್ತದೆ. ಹತ್ತಿಯನ್ನೂ ಸೆರಗನ್ನೂ ದಾಟಿ, ಮೆಟ್ಟಿಲ ಕಲ್ಲಿನಿಂದ ಮೈಗೆ ಏರಿದಂತೆ. ಭಾರದ ಮರದ ಅಗುಳಿಯೊಂದು ತನ್ನ ಗೂಡಿಗೆ ಜಾರಿ ಕೂತ ಸದ್ದು.

"ಒಳಗೆ ಯಾರಾದ್ರೂ ಇದ್ದಾರೇನೇ?" ಯಜಮಾನರ ಮುಖ ಬಿಳಿಚಿದೆ.

ರೀಲಮ್ಮ ಸೆರಗು ಸಡಿಲಿಸಿ ಕಿವಿಯ ಹತ್ತಿ ಕೀಳುತ್ತಾರೆ. ಆ ರೀಲಿನ ಪ್ರತಿಯನ್ನು ಅವರು ಕೊನೆಯ ಕ್ಷಣದ ತನಕ ನೂರಾರು ಸಲ ಕೇಳಿದ್ದಾರೆ. ಅದರಲ್ಲಿ ಅಂಥ ಸದ್ದಿಲ್ಲ. ಕೋಣೆಯ ಬಾಗಿಲು ತಗಡಿನದು, ಅದಕ್ಕೆ ಅಗುಳಿಯೇ ಇಲ್ಲ. ಕೆಳಗಿಳಿದು ತಳ್ಳಿದರೆ ಬಾಗಿಲು ಸಲೀಸಾಗಿ ತೆರೆದುಕೊಳ್ಳುತ್ತದೆ. ಒಳಗೆ ಯಾರೂ ಇಲ್ಲ. ಮುಗಿದ ಟೇಪಿನ ತುದಿ ಚಕ್ರದ ಜೊತೆ ಪಟಪಟ ತಿರುಗುತ್ತಿದೆ, ಎಲ್ಲೂ ತುಂಡಾಗಿಲ್ಲ.

ಅವರು ರೀಲನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾರೆ. ಫೋನ್ ತೆಗೆದು ಗುಡ್ಡದ ಮೇಲಿನ ಮನೆಗೆ ಹಚ್ಚುತ್ತಾರೆ. ಕಣ್ಣು ತುಂಬಿ ಬಂದಿದೆ, ದನಿ ಮಾತ್ರ ಹಳೆಯ ಆಪರೇಟರಿನದೇ.

"ಅಮ್ಮಾ, ನಾನು ಎದ್ದು ಬಂದೆ. ಇವತ್ತಿಂದ ಅಗುಳಿ ಹಾಕ್ಕೊಂಡು ಮಲಗಿ."

ಆ ಕಡೆಯವರು ಫೋನ್ ಇಡುವ ತನಕ ಕಾಯುತ್ತಾರೆ. ಆಮೇಲೆ ಗಡಿಯಾರವನ್ನು ಮತ್ತೆ ಬೆಂಚಿಗೆ ಸಾಗಿಸಿ, ಮುಂದಿನ ರೀಲಿನ ಬೂಸ್ಟು ಒರೆಸಲು ಬಟ್ಟೆ ಹುಡುಕುತ್ತಾ ಯಜಮಾನರಿಗೆ ಹೇಳುತ್ತಾರೆ: "ಹದಿಮೂರು ಸಾವಿರ ರೀಲು ಕೇಳಿದ್ದೀನಿ, ಅದೇನು ದೊಡ್ಡದಲ್ಲ ಬಿಡಿ. ಇದೊಂದನ್ನ ಕೇಳದೆ ಬಿಟ್ಟೆನಲ್ಲ, ಅದು ನಾನು ಮಾಡಿದ ಕೆಲಸ."