ಬೇಸ್‌ಮೆಂಟಿನ ಭಜನೆ

ಅಮೆರಿಕದ ಈ ಕಮ್ಮಿಂಗ್ ಊರಿನಲ್ಲಿ ನಮ್ಮ ಕನ್ನಡದವರ ಭಜನೆ, ಹುಟ್ಟುಹಬ್ಬ, ಗಣೇಶನ ಪೂಜೆ ಎಲ್ಲವೂ ನಡೆಯುವುದು ಬೇಸ್‌ಮೆಂಟಿನಲ್ಲೇ. ಮೇಲೆ ಅಡುಗೆಮನೆ, ಕೆಳಗೆ ಕಾರ್ಪೆಟ್ ಹಾಸಿದ ದೊಡ್ಡ ಹಾಲ್, ನಡುವೆ ಮೆಟ್ಟಿಲು. ವಾರದ ಭಜನೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವನು ನಾನು. ಹೈವೇಯಲ್ಲಿ ಅಪಘಾತವಾಗಿ ಬೆನ್ನುಹುರಿಗೆ ಪೆಟ್ಟು ಬಿತ್ತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಮೇಲೆ ಭಜನೆ ಕೇಳಿದ್ದು ಮೇಲೆ, ಗಾಲಿಕುರ್ಚಿಯಲ್ಲಿ ಕೂತು, ಒಗ್ಗರಣೆಯ ಸದ್ದಿನ ನಡುವೆ.

ಕೊರೊನಾ ಬಂತು. ನನ್ನ ಫಿಸಿಯೋಥೆರಪಿ ನಿಂತಿತು, ಕಾಲುಗಳು ಸೆಟೆದುಕೊಳ್ಳತೊಡಗಿದವು. "ಮನೇಲೇ ಕೂತು ಸಾಕಾಗೋಯ್ತು ಅಂಕಲ್, ಈಗ ನಿಮ್ಮ ಕಷ್ಟ ಅರ್ಥ ಆಯ್ತು" ಎಂದು ಫೋನಿನಲ್ಲಿ ಹೇಳದವರಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಭಜನೆ ವಿಡಿಯೊ ಕಾಲ್‌ಗೆ ಬಂತು. ಪರದೆಯಲ್ಲಿ ಎಲ್ಲರಿಗೂ ಸೊಂಟದ ಮೇಲಷ್ಟೇ ಮೈ. ಮತ್ತೆ ನಾನೇ ಹಾಡು ಎತ್ತಿಕೊಡತೊಡಗಿದೆ.

ನಿರ್ಬಂಧ ಸಡಿಲವಾದದ್ದೇ ತಡ, ಮುಂದಿನ ವಾರ ನಮ್ಮ ಬೇಸ್‌ಮೆಂಟಿನಲ್ಲಿ ಎಂದು ಒಬ್ಬನ ಮೆಸೇಜ್ ಬಂತು. ಅಲ್ಲೊಂದು ಲ್ಯಾಪ್‌ಟಾಪ್ ಇಡಪ್ಪಾ, ಮನೆಯಿಂದಲೇ ಹಾಡುತ್ತೇನೆ ಎಂದೆ.

"ಎಕೋ ಬರುತ್ತೆ ಅಂಕಲ್, ಮೂಡ್ ಹಾಳಾಗುತ್ತೆ. ನೀವು ಡ್ರೈವ್ ಮಾಡ್ಕೊಂಡು ಬನ್ನಿ ಸಾಕು, ನಾವೇ ಎತ್ಕೊಂಡ್ ಹೋಗ್ತೀವಿ" ಎಂದ.

ಎರಡು ವರ್ಷ ಎಕೋದಲ್ಲೇ ದೇವರನ್ನು ಕರೆದವರಿಗೆ ಈಗ ನನ್ನೊಬ್ಬನ ಎಕೋ ಭಾರವಾಗಿತ್ತು. ಆದರೂ ಹಾಡುವ ಆಸೆ ಬಿಡಲಿಲ್ಲ, ಬ್ರೇಕು ಆಕ್ಸಿಲರೇಟರ್ ಎಲ್ಲ ಕೈಯಲ್ಲೇ ಒತ್ತುವ ನನ್ನ ಕಾರಿನಲ್ಲಿ ಹೋದೆ. ನಾಲ್ವರು ಕುರ್ಚಿ ಸಮೇತ ನನ್ನನ್ನು ಎತ್ತಿ ಮೆಟ್ಟಿಲಿಳಿಸಿದರು. "ಗೋಡೆಗೆ ತಾಗಿಸ್ಬೇಡಿ, ಹೊಸ ಪೇಂಟ್" ಎಂದಿತು ಹಿಂದಿನಿಂದ ಒಂದು ದನಿ. ಮೊಣಕೈಗಳನ್ನು ಒಳಗೆ ಎಳೆದುಕೊಂಡೆ. ಕೆಳಗೆ ಮಾತ್ರ ಗಂಟಲು ಬಿಚ್ಚಿ ಹಾಡಿದೆ.

ಮಂಗಳಾರತಿ ಆಯಿತು. ಊಟಕ್ಕೆ ಬನ್ನಿ ಎಂದು ಮೇಲಿಂದ ಕೂಗಿದರು. ಎಲ್ಲರೂ ದಡದಡ ಮೆಟ್ಟಿಲು ಹತ್ತಿದರು. ಒಬ್ಬಾಕೆ ಪುಳಿಯೋಗರೆಯ ತಟ್ಟೆ ತಂದು ನನ್ನ ತೊಡೆಯ ಮೇಲಿಟ್ಟು, "ಈಗ ಬಂದೆ ಅಂಕಲ್" ಎಂದು ಹೋದವಳು ಬರಲಿಲ್ಲ. ಮೇಲೆ ನಗು, ಮಾತು, ಪಾತ್ರೆಯ ಸದ್ದು. ಮೊದಲು ಅವರು ಕೆಳಗೆ, ನಾನು ಮೇಲೆ. ಈಗ ಅವರು ಮೇಲೆ, ನಾನು ಕೆಳಗೆ. ಅದೂ ನಾನಾಗಿಯೇ ಹೊರಡುವ ದಾರಿಯೂ ಇಲ್ಲದೆ.

ಮನೆಯವನು ಮೆಟ್ಟಿಲ ತುದಿಯಿಂದ ಬಗ್ಗಿ ಕೇಳಿದ: "ಅಂಕಲ್, ಪಾಯಸ ಕಳಿಸ್ಲಾ?"

"ಪಾಯಸ ಬೇಡ. ಒಂದು ಲ್ಯಾಪ್‌ಟಾಪ್ ಕಳಿಸು. ಎಕೋ ಬಂದ್ರೂ ಪರವಾಗಿಲ್ಲ, ನಿಮ್ಮೆಲ್ಲರ ಜೊತೆ ಊಟ ಮಾಡ್ತೀನಿ."